ಜನಸಂಖ್ಯೆಯ ಏರಿಳಿತ



ಜನಸಂಖ್ಯೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಕಟ್ಟುವ ಚಿತ್ರ ಒಂದೇ: ಕಿಕ್ಕಿರಿದ ಬಸ್ಸು, ಕೊಳಾಯಿಯ ಮುಂದೆ ಸಾಲುಗಟ್ಟಿದ ಕೊಡಗಳು, ಹಾಸಿಗೆ ಸಿಕ್ಕದೆ ಆಸ್ಪತ್ರೆಯ ಜಗಲಿಯಲ್ಲಿ ಮಲಗಿರುವ ರೋಗಿಗಳು. ಹುಟ್ಟುವವರು ಹೆಚ್ಚಿದರು, ಆದುದರಿಂದ ಜನ ಹೆಚ್ಚಿತು, ಆದುದರಿಂದ ಕಷ್ಟ ಹೆಚ್ಚಿತು ಎಂದು ನಾವು ತರ್ಕಿಸುತ್ತೇವೆ. ಬೆಂಗಳೂರಿನ ದಕ್ಷಿಣಕ್ಕೆ, ಹೊಸೂರು ರಸ್ತೆಯಲ್ಲಿರುವ ಎಲೆಕ್ಟ್ರಾನಿಕ್ ಸಿಟಿಗೆ ಬೆಳಗಿನ ಒಂಬತ್ತು ಗಂಟೆಗೆ ಹೋಗಿ ನಿಂತವರಿಗೆ ಈ ತರ್ಕದಲ್ಲಿ ಸಂದೇಹವೇ ಉಳಿಯದು. 2010ರ ಜನವರಿಯಲ್ಲಿ ತೆರೆದ ಮೇಲುರಸ್ತೆಯೂ ಸಾಲದೆ, 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಓಡತೊಡಗಿದರೂ ಅಲ್ಲಿನ ನೂಕುನುಗ್ಗಲು ತೀರಲಿಲ್ಲ.

ಆದರೆ ಆ ಗುಂಪನ್ನು ಇನ್ನೊಮ್ಮೆ ಸಾವಧಾನವಾಗಿ ನೋಡಬೇಕು. ಅದರಲ್ಲಿ ಮಕ್ಕಳೆಷ್ಟು? ಮುದುಕರೆಷ್ಟು? ಕಣ್ಣು ಹಾಯಿಸಿದತ್ತ ಇಪ್ಪತ್ತರಿಂದ ನಲವತ್ತರವರೆಗಿನ ವಯಸ್ಸಿನವರೇ. ನೀಲಾದ್ರಿ ರಸ್ತೆಯ ಸುತ್ತಣ ಓಣಿಗಳಲ್ಲಿ ಹಿಂದಿನ ಬೆಂಗಳೂರಿನ ವಠಾರಗಳಿಲ್ಲ, ಹುಡುಗರ ಪಿ.ಜಿ., ಹುಡುಗಿಯರ ಪಿ.ಜಿ. ಎಂಬ ಹಲಗೆಗಳನ್ನು ತೂಗುಹಾಕಿದ ನಾಲ್ಕಂತಸ್ತು ಐದಂತಸ್ತಿನ ಮನೆಗಳಿವೆ. ವಠಾರವೆಂದರೆ ಒಂದು ಬಚ್ಚಲಿಗೆ ಹತ್ತು ಸಂಸಾರ, ಅಂಗಳದ ತುಂಬ ಮಕ್ಕಳು. ಪಿ.ಜಿ.ಯೆಂದರೆ ಒಂದು ಕೊಠಡಿಗೆ ಮೂವರು ದುಡಿಯುವವರು, ತೊಟ್ಟಿಲು ತೂಗುವುದಕ್ಕೆ ಒಂದು ಕೊಕ್ಕೆಯೂ ಇಲ್ಲ. ಜನ ಇಲ್ಲಿ ದಟ್ಟವಾಗಿದೆಯೆಂಬುದು ದಿಟ. ಆದರೆ ಆ ಜನ ಇಲ್ಲಿ ಹುಟ್ಟಿದ್ದಲ್ಲ.

ಈ ಊರಿನ ಚರಿತ್ರೆಯೇ ಹಾಗಿದೆ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್, ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಇದನ್ನು ನೆಲೆಗೊಳಿಸಿತು. 1990ರ ದಶಕದಲ್ಲಿ ಇನ್ಫೋಸಿಸ್, ವಿಪ್ರೋ ಮೊದಲಾದ ಕಂಪನಿಗಳು ಇಲ್ಲಿ ಬೇರೂರಿದವು. ಅದಕ್ಕೆ ತಾಗಿಕೊಂಡೇ ಹೆಬ್ಬಗೋಡಿ, ಬೊಮ್ಮಸಂದ್ರ, ಜಿಗಣಿಗಳಲ್ಲಿ ಔಷಧಿಯ ಕಾರ್ಖಾನೆಗಳು, ಯಂತ್ರದ ಬಿಡಿಭಾಗಗಳ ಕಾರ್ಖಾನೆಗಳು, ಸಿದ್ಧ ಉಡುಪಿನ ಗಾರ್ಮೆಂಟ್ಸ್‌ಗಳು ಬಂದವು. ರಾಗಿಯ ಹೊಲವಿದ್ದಲ್ಲಿ ಬಂದು ಸೇರಿದವರು ಹಾಸನ, ಹಾವೇರಿ, ಯಾದಗಿರಿಗಳಿಂದ ಮಾತ್ರವೇ ಅಲ್ಲ, ಬಿಹಾರ, ಒಡಿಶಾ, ಅಸ್ಸಾಂಗಳಿಂದಲೂ ಬಂದರು.

ಈಗ ಲೆಕ್ಕಕ್ಕೆ ಬರೋಣ. 2001ರ ಖಾನೇಷುಮಾರಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65,37,124, 2011ರಲ್ಲಿ 96,21,551. ಹತ್ತು ವರ್ಷಗಳಲ್ಲಿ ನೂರಕ್ಕೆ 47ರಷ್ಟು ಹೆಚ್ಚಳ! ಅದೇ ಅವಧಿಯಲ್ಲಿ ಇಡೀ ರಾಜ್ಯದ ಹೆಚ್ಚಳ ನೂರಕ್ಕೆ 16ಕ್ಕಿಂತಲೂ ಕಡಿಮೆ. 2021ರಲ್ಲಿ ನಡೆಯಬೇಕಾಗಿದ್ದ ಖಾನೇಷುಮಾರಿ ಆಗ ನಡೆಯದೆ 2027ಕ್ಕೆ ಮುಂದೂಡಲ್ಪಟ್ಟಿತು; ಆದುದರಿಂದ ಹೊಸ ಅಂಕಿಗಳಿಲ್ಲದೆ ಹಳೆಯವುಗಳಿಂದಲೇ ತೃಪ್ತರಾಗಬೇಕಾಗಿದೆ. ನಗರವು ಹೀಗೆ ಉಬ್ಬುತ್ತಿದ್ದ ಆ ಹತ್ತು ವರ್ಷಗಳಲ್ಲಿ ಕರ್ನಾಟಕದ ತಾಯಂದಿರು ಹೆರುತ್ತಿದ್ದ ಮಕ್ಕಳ ಸಂಖ್ಯೆ ಏನಾಗುತ್ತಿದ್ದಿತು?

ಶಾಸ್ತ್ರಜ್ಞರು ಒಟ್ಟು ಫಲವತ್ತತಾ ದರ ಎಂದು ಕರೆಯುವ ಒಂದು ಅಳತೆಯಿದೆ. ಈ ಭಾಷಣದ ಮಟ್ಟಿಗೆ ಅದನ್ನು ಸಂತಾನ ಪ್ರಮಾಣವೆನ್ನುತ್ತೇನೆ. ಒಂದು ಕಾಲದಲ್ಲಿ ಬೇರೆ ಬೇರೆ ವಯಸ್ಸಿನ ಹೆಂಗಸರಲ್ಲಿ ಕಂಡುಬರುವ ಹೆರಿಗೆಯ ರೂಢಿಯಂತೆಯೇ ಒಬ್ಬ ಹೆಂಗಸು ತನ್ನ ಜೀವಮಾನವನ್ನೆಲ್ಲ ನಡೆಸಿದರೆ, ಅವಳು ಸರಾಸರಿಯಲ್ಲಿ ಎಷ್ಟು ಮಕ್ಕಳನ್ನು ಹೆರುವಳು ಎಂಬುದೇ ಆ ಲೆಕ್ಕ. ತಾಯಿತಂದೆಗಳಿಬ್ಬರ ಸ್ಥಾನವನ್ನು ತುಂಬಲು ಇಬ್ಬರು ಬೇಕು. ಹುಟ್ಟಿದವರೆಲ್ಲರೂ ಬೆಳೆದು ದೊಡ್ಡವರಾಗುವುದಿಲ್ಲವಾದುದರಿಂದಲೂ, ಹುಟ್ಟುವವರಲ್ಲಿ ಗಂಡು ಸ್ವಲ್ಪ ಹೆಚ್ಚಾದುದರಿಂದಲೂ ಎರಡರ ಮೇಲೆ ಚೂರು ಸೇರಿಸಿ 2.1 ಎಂದು ಗೊತ್ತುಮಾಡಿದ್ದಾರೆ. ಸಂತಾನ ಪ್ರಮಾಣ ಬಹುಕಾಲ ಅದಕ್ಕಿಂತ ಕೆಳಗೇ ನಿಂತರೆ, ಹೊರಗಿನಿಂದ ಜನ ಬಾರದಿದ್ದ ಪಕ್ಷದಲ್ಲಿ, ನಾಡಿನ ಜನಸಂಖ್ಯೆ ಎಂದಾದರೊಂದು ದಿನ ಇಳಿಯಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಕರ್ನಾಟಕದಲ್ಲಿ ಈ ಪ್ರಮಾಣ 1992–93ರಲ್ಲಿ 2.85 ಇದ್ದಿತು, 1998–99ರಲ್ಲಿ 2.13, 2005–06ರಲ್ಲಿ 2.1ರ ಗೆರೆಯ ಕೆಳಗಿಳಿಯಿತು, 2015–16ರಲ್ಲಿ 1.8, 2019–21ರಲ್ಲಿ 1.7. ಅಂದರೆ ಎಲೆಕ್ಟ್ರಾನಿಕ್ ಸಿಟಿ ತುಂಬಿ ತುಳುಕುತ್ತಿದ್ದ ವರ್ಷಗಳೇ ನಮ್ಮ ನಾಡಿನ ತೊಟ್ಟಿಲುಗಳು ವಿರಳವಾದ ವರ್ಷಗಳೂ ಆಗಿವೆ.

ಹಾಗಾದರೆ ರಾಜ್ಯದ ಜನಸಂಖ್ಯೆ ಈಗಾಗಲೇ ಏಕೆ ಇಳಿಯಲಿಲ್ಲವೆಂದು ತಾವು ಕೇಳಬಹುದು. ಕೈ ತೆಗೆದ ಮೇಲೂ ರಾಟೆ ಇನ್ನಷ್ಟು ಸುತ್ತು ತಿರುಗುವುದಿಲ್ಲವೆ? ಹಿಂದೆ ಹೆಚ್ಚಾಗಿ ಹುಟ್ಟಿದ ಹೆಣ್ಣುಮಕ್ಕಳು ಇಂದು ತಾಯಂದಿರ ವಯಸ್ಸಿನಲ್ಲಿದ್ದಾರೆ. ಒಬ್ಬೊಬ್ಬರು ಹೆರುವುದು ಕಡಿಮೆಯಾದರೂ ಹೆರುವವರ ಸಂಖ್ಯೆ ದೊಡ್ಡದಾದುದರಿಂದ ಕೂಸುಗಳ ಮೊತ್ತ ಕೂಡಲೇ ಕುಗ್ಗದು. ಮೇಲಾಗಿ ಮುದುಕರು ಹೆಚ್ಚು ಕಾಲ ಬದುಕುತ್ತಿದ್ದಾರೆ. ಈ ಎರಡು ಕಾರಣಗಳಿಂದ ಏರಿಕೆಯ ಭ್ರಮೆ ಕೆಲವು ಕಾಲ ಉಳಿಯುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಜನಸಂಖ್ಯೆಯನ್ನು ಏರಿಸುತ್ತಿದ್ದುದೂ ಇಳಿಸುತ್ತಿದ್ದುದೂ ಸಾವು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಆಗಿದ್ದಿತು. ಹತ್ತು ವರ್ಷಗಳ ತರುವಾಯ ಎಣಿಸಿದಾಗ ಅದು 41,86,188. ನಡುವೆ ಬಂದುಹೋದದ್ದು 1876–78ರ ಧಾತು ಈಶ್ವರ ಸಂವತ್ಸರಗಳ ಬರ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು, 1918ರಲ್ಲಿ ಇನ್‌ಫ್ಲುಯೆಂಜಾ. ಮಡಿಲಲ್ಲಿದ್ದ ಕೂಸು ಮದುವೆಯ ವಯಸ್ಸನ್ನು ಕಾಣುವುದೆಂಬ ಭರವಸೆಯಿಲ್ಲದ ತಾಯಿ ಆರೇಳು ಹೆತ್ತರೆ ಅದನ್ನು ಅವಿವೇಕವೆನ್ನುವವರು ಯಾರು? ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆಯನ್ನು ನಮ್ಮ ವಿದ್ಯಾವಂತರು ಸೋಮಾರಿಯ ಮಾತೆಂದು ಹಳಿಯುವುದುಂಟು. ನನಗೆ ಅದು ಹಾಗೆ ಕೇಳಿಸುವುದಿಲ್ಲ. ನನ್ನ ಅಜ್ಜಿ ಹೆತ್ತವರು ಒಂಬತ್ತು ಮಂದಿ, ಉಳಿದವರು ಐವರು. ಆ ನಾಲ್ವರ ಹೆಸರನ್ನೂ ಆಕೆ ಕೊನೆಯವರೆಗೆ ಮರೆತಿರಲಿಲ್ಲ. ಗಾದೆಯನ್ನು ಆಡುತ್ತಿದ್ದವರು ಇಂಥವರು.

ಸಾವು ಹಿಮ್ಮೆಟ್ಟಿತು. ದೇವಿ ಹಾಕಿಸುವುದು, ಮಲೇರಿಯಾ ನಿರ್ಮೂಲನ, ಶುದ್ಧವಾದ ನೀರು, ಸೂಲಗಿತ್ತಿಯ ಕೈಯಿಂದ ಹೆರಿಗೆ ಆಸ್ಪತ್ರೆಗೆ ಬಂದದ್ದು, ಇವೆಲ್ಲವೂ ಸೇರಿ ಅದನ್ನು ಸಾಧಿಸಿದವು. 1951ರಲ್ಲಿ ಇಂದಿನ ಕರ್ನಾಟಕದ ಸೀಮೆಯೊಳಗೆ 1.94 ಕೋಟಿ ಜನರಿದ್ದರು, 2011ರಲ್ಲಿ 6.11 ಕೋಟಿ. ಸಾವು ಕಡಿಮೆಯಾಗಿ, ಹುಟ್ಟು ಹಿಂದಿನಂತೆಯೇ ಉಳಿದು, ನಡುವೆ ಜನ ಬೆಳೆದು, ಆಮೇಲೆ ಹುಟ್ಟೂ ಇಳಿಯುವ ಈ ಕ್ರಮವನ್ನು ಫ್ರಾನ್ಸಿನ ಅಡಾಲ್ಫ್ ಲಾಂಡ್ರಿ 1934ರಲ್ಲಿಯೇ ಜನಸಂಖ್ಯೆಯ ಕ್ರಾಂತಿಯೆಂದು ಕರೆದಿದ್ದರು. ಯೂರೋಪಿನಲ್ಲಿ ನೂರು ನೂರೈವತ್ತು ವರ್ಷ ಹಿಡಿದದ್ದು ನಮ್ಮಲ್ಲಿ ಎರಡು ತಲೆಮಾರುಗಳಲ್ಲಿ ಮುಗಿಯಿತು.

ಈ ಇಳಿತವನ್ನು ಯಾರು ಮಾಡಿದರು? ಸರ್ಕಾರವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸರ್ಕಾರದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಅದರಲ್ಲಿಯೂ ಮೈಸೂರಿಗೆ ಈ ವಿಷಯದಲ್ಲಿ ಹೆಮ್ಮೆಪಡತಕ್ಕ ಸ್ಥಾನವಿದೆ. 1930ರಲ್ಲಿ ಮೈಸೂರು ಸರ್ಕಾರವು ಬೆಂಗಳೂರು ಮತ್ತು ಮೈಸೂರುಗಳ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಮಾಡಿತು. ಒಂದು ಸರ್ಕಾರವೇ ಮುಂದಾಗಿ ಇಂಥ ಕಾರ್ಯವನ್ನು ಕೈಗೊಂಡದ್ದು ಲೋಕದಲ್ಲಿ ಅದೇ ಮೊದಲೆಂದು ಗಣಿಸಲಾಗಿದೆ. ಸಭ್ಯರು ಬಾಯಿಬಿಟ್ಟು ಆಡದಿದ್ದ ವಿಷಯವನ್ನು ಸರ್ಕಾರದ ಕಾಗದದ ಮೇಲೆ ಬರೆಯುವುದಕ್ಕೆ ಧೈರ್ಯ ಬೇಕಾಗಿದ್ದಿತು. ಸ್ವಾತಂತ್ರ್ಯ ಬಂದ ಮೇಲೆ, 1951–52ರಲ್ಲಿ, ಸಂಯುಕ್ತ ರಾಷ್ಟ್ರಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನವನ್ನು ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಹೆರುವ ವಯಸ್ಸು ದಾಟಿದ ಹೆಂಗಸರಿಗೆ ಸರಾಸರಿ ಐದರ ಆಸುಪಾಸು ಮಕ್ಕಳಾಗಿದ್ದರೂ, ಇಷ್ಟು ಬೇಡವಾಗಿತ್ತೆಂಬ ಭಾವನೆ ಹಳ್ಳಿಯವರಲ್ಲಿಯೂ ವಿರಳವಾಗಿರಲಿಲ್ಲವೆಂಬುದು ಅದರಿಂದ ತಿಳಿದುಬಂದಿತು. ಮನಸ್ಸಿದ್ದಿತು, ಮಾರ್ಗವಿರಲಿಲ್ಲ.

ಮಾರ್ಗವನ್ನು ತೋರಿಸಹೊರಟವರ ಕಥೆ ಸ್ವಲ್ಪ ವಿನೋದಕರವಾಗಿದೆ. ಅದೇ ವರ್ಷಗಳಲ್ಲಿ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಒಂದು ಪ್ರಯೋಗ ನಡೆಯಿತು. ತಿಂಗಳಿನ ಯಾವ ದಿನಗಳಲ್ಲಿ ದಂಪತಿಗಳು ದೂರವಿರಬೇಕೆಂಬುದನ್ನು ಲೆಕ್ಕವಿಡಲು ಹೆಂಗಸರ ಕೈಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಪ್ರಯೋಗ ಫಲಿಸಲಿಲ್ಲ. ದೂರವಿರುವ ದಿನವನ್ನು ನಿರ್ಧರಿಸುವ ಅಧಿಕಾರ ಮಣಿಸರವನ್ನು ಹಿಡಿದವಳಿಗೆ ಇದ್ದಿತೇ ಎಂಬುದನ್ನು ಮೊದಲು ವಿಚಾರಿಸಬೇಕಾಗಿದ್ದಿತು.

ಆ ಬಳಿಕ ಕೆಂಪು ತ್ರಿಕೋನ ಬಂದಿತು. ನಾವಿಬ್ಬರು ನಮಗಿಬ್ಬರು ಎಂಬ ಘೋಷಣೆ ಶಾಲೆಯ ಗೋಡೆಗೂ ಬಸ್ಸಿನ ಬೆನ್ನಿಗೂ ಏರಿತು. 1975ರಲ್ಲಿ ತುರ್ತುಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಶಸ್ತ್ರಚಿಕಿತ್ಸೆಗಳಾದವು, ಅವುಗಳಲ್ಲಿ ಬಹುಪಾಲು ಗಂಡಸರಿಗೆ. ಉತ್ತರ ಭಾರತದಲ್ಲಿ ನಡೆದ ಬಲಾತ್ಕಾರ ಜನರ ಮನಸ್ಸಿನಲ್ಲಿ ಎಂಥ ಭೀತಿಯನ್ನು ಬಿತ್ತಿತೆಂದರೆ, ಗಂಡಸರ ಶಸ್ತ್ರಚಿಕಿತ್ಸೆಗೆ ಮತ್ತೆ ಅಷ್ಟು ಒತ್ತುಕೊಡುವ ಧೈರ್ಯ ಸರ್ಕಾರಗಳಿಗೆ ಬರಲಿಲ್ಲ. ಗಂಡಸು ನುಣುಚಿಕೊಂಡ ಭಾರ ಹೆಂಗಸಿನ ಮೇಲೆ ಬಿದ್ದಿತು. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಸಂಸಾರವಂತ ಹೆಂಗಸರ ಪೈಕಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಕಡೆಯ ಅಂಕಿ ಸೊನ್ನೆ, ಸೊನ್ನೆಯ ಮುಂದೆ ಒಂದು ಚುಕ್ಕೆ, ಅದರ ಮುಂದೆ ಇನ್ನೊಂದು ಸೊನ್ನೆ. ನಮ್ಮ ನಾಡಿನ ಸಂತಾನ ನಿಯಂತ್ರಣವೆಂದರೆ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು, ಎರಡು ಹೆರಿಗೆಗಳ ತರುವಾಯ, ಆಸ್ಪತ್ರೆಯ ಮೇಜಿನ ಮೇಲೆ ಮಲಗುವುದು. ಈ ಇಳಿತದ ಕೀರ್ತಿ ಯಾರದು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಆದರೆ ಅವಳು ಏಕೆ ಮಲಗಿದಳು? ಇದನ್ನು ತಿಳಿಯಬೇಕೆಂದು ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್, ಅವರ ಪತ್ನಿ ಪ್ಯಾಟ್ ಕಾಲ್ಡ್‌ವೆಲ್, ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ, ಈ ಮೂವರು 1979ರಿಂದ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ನೆಲೆನಿಂತು ವಿಚಾರಿಸಿದರು. ಅಂಕಿಗಳ ಪಟ್ಟಿಯನ್ನು ಹಿಡಿದು ಮನೆಬಾಗಿಲಲ್ಲಿ ನಿಂತು ಹೋಗುವವರಂತಲ್ಲದೆ ಜಗಲಿಯಲ್ಲಿ ಕುಳಿತು ಮಾತನಾಡಿದರು. ಅವರು ಕಂಡದ್ದು ಇಷ್ಟು: ಹಿಂದೆ ಮಗ ಆರೇಳು ವರ್ಷಕ್ಕೇ ದನ ಕಾಯುತ್ತಿದ್ದನು, ಮಗಳು ತಂಗಿಯನ್ನು ಎತ್ತಿಕೊಳ್ಳುತ್ತಿದ್ದಳು. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ. ಶಾಲೆಗೆ ಹೋಗುವ ಮಗುವಿಗೆ ಒಳ್ಳೆಯ ಬಟ್ಟೆ, ಪುಸ್ತಕ ಬೇಕು. ಮೇಲಾಗಿ ಶಾಲೆಗೆ ಹೋದ ಮಗುವಿನಿಂದ ಸಗಣಿ ಬಾಚಿಸುವುದಕ್ಕೆ ತಾಯಿಗೇ ಮನಸ್ಸು ಬಾರದು. ಹಿಂದೆ ಹೆಣ್ಣಿಗೆ ತೆರ ಕೊಟ್ಟು ತರುತ್ತಿದ್ದ ಜಾತಿಗಳಲ್ಲಿಯೂ ವರದಕ್ಷಿಣೆ ಕಾಲಿಟ್ಟಿತು. ಹೆಣ್ಣಿನ ಮದುವೆಯ ವಯಸ್ಸು ಮುಂದಕ್ಕೆ ಹೋಯಿತು. ಅತ್ತೆಯ ಮಾತು ನಡೆಯುತ್ತಿದ್ದ ಮನೆಯಲ್ಲಿ ಗಂಡಹೆಂಡಿರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳತೊಡಗಿದರು. ಕಾಲ್ಡ್‌ವೆಲ್ಲರು ಮೊದಲು ನೈಜೀರಿಯದಲ್ಲಿ ಯೋಚಿಸಿ 1976ರಲ್ಲಿ ಮಂಡಿಸಿದ್ದ ಒಂದು ಸಿದ್ಧಾಂತಕ್ಕೆ ಇಲ್ಲಿ ಪುಷ್ಟಿ ಸಿಕ್ಕಿತು. ಸಂಪತ್ತು ಮಕ್ಕಳಿಂದ ತಂದೆತಾಯಿಗಳ ಕಡೆಗೆ ಹರಿಯುವ ಸಮಾಜದಲ್ಲಿ ಹೆಚ್ಚು ಮಕ್ಕಳು ಲಾಭ. ಅದು ತಂದೆತಾಯಿಗಳಿಂದ ಮಕ್ಕಳ ಕಡೆಗೆ ಹರಿಯತೊಡಗಿದ ದಿನ ಕಡಿಮೆ ಮಕ್ಕಳೇ ವಿವೇಕ. ಗೋಡೆಯ ಮೇಲಿನ ಘೋಷಣೆ ಆ ವಿವೇಕಕ್ಕೆ ನೆವವಾಯಿತೇ ಹೊರತು ಮೂಲವಾಗಲಿಲ್ಲವೆಂದು ನನ್ನ ನಂಬಿಕೆ.

ಮಗು ಬದುಕುವುದೆಂಬ ಭರವಸೆಯೂ ಜೊತೆಗೆ ಬಂದಿತೆಂಬುದನ್ನು ಮರೆಯಬಾರದು. 1992–93ರಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 65 ಒಂದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. 2019–21ರ ವೇಳೆಗೆ 25. ಹೆಣ್ಣುಮಕ್ಕಳ ಮದುವೆಯ ವಿಷಯದಲ್ಲಿ ಮಾತ್ರ ಕೆಲಸ ಅರ್ಧಕ್ಕೇ ನಿಂತಿದೆ. ಅದೇ ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ತಾಳಿ ಬಿದ್ದಿತ್ತು.

ಇಷ್ಟು ಹಿನ್ನೆಲೆಯನ್ನಿಟ್ಟುಕೊಂಡು ಮತ್ತೆ ಹೊಸೂರು ರಸ್ತೆಯ ಕಡೆಗೆ ತಿರುಗೋಣ. ಹಳ್ಳಿಯಲ್ಲಿ ಐದರಿಂದ ಎರಡಕ್ಕೆ ಇಳಿದದ್ದು ಒಂದು ಕಥೆ. ಎರಡರಿಂದ ಒಂದಕ್ಕೆ, ಒಂದರಿಂದ ಬೇಡವೆಂಬಲ್ಲಿಗೆ ಇಳಿಯುವುದು ಬೇರೆಯ ಕಥೆ. ಅಲ್ಲಿನ ಎರಡು ಬಗೆಯ ಮನೆಗಳನ್ನು ಗಮನಿಸಬೇಕು.

ಒಂದು, ಗಂಡಹೆಂಡಿರಿಬ್ಬರೂ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಮನೆ. ಓದು ಮುಗಿದು ಕೆಲಸ ಸಿಕ್ಕಿ ಮದುವೆಯಾಗುವ ವೇಳೆಗೆ ಮೂವತ್ತು ಸಮೀಪಿಸಿರುತ್ತದೆ. ಫ್ಲ್ಯಾಟಿನ ಸಾಲದ ಕಂತು ಇಪ್ಪತ್ತು ವರ್ಷದ್ದು. ಒಬ್ಬರ ಸಂಬಳ ಅದಕ್ಕೇ ಸಂದಾಯ. ಮಗುವಾದರೆ ಆರು ತಿಂಗಳು ಅವಳ ತಾಯಿ, ಆರು ತಿಂಗಳು ಅವನ ತಾಯಿ ಊರಿನಿಂದ ಬಂದು ನಿಲ್ಲಬೇಕು. ಹತ್ತನೆಯ ಮಹಡಿಯ ಆ ಮನೆಯಲ್ಲಿ ಅಜ್ಜಿಗೆ ಮಾತಿಗೆ ಜನವಿಲ್ಲ, ಊರಿನಲ್ಲಿ ಅಜ್ಜನಿಗೆ ಅನ್ನಕ್ಕೆ ಜನವಿಲ್ಲ. ಅಜ್ಜಿಗೆ ಮಂಡಿನೋವು ಬಂದ ದಿನ ಎರಡನೆಯ ಮಗುವಿನ ಮಾತು ಮುಗಿಯಿತೆಂದೇ ತಿಳಿಯಬೇಕು. ಇವರನ್ನು ಸುಖಲೋಲುಪರೆಂದು ಬಯ್ಯುವ ಹಿರಿಯರಿದ್ದಾರೆ. ಬಯ್ಯುವವರ ಮನೆಯಲ್ಲಿ ಅವರ ಕೂಸನ್ನು ಎತ್ತಿಕೊಳ್ಳುವುದಕ್ಕೆ ಎಷ್ಟು ಕೈಗಳಿದ್ದುವೆಂಬುದನ್ನು ಅವರು ಎಣಿಸಿಲ್ಲ.

ಇನ್ನೊಂದು, ಬೊಮ್ಮನಹಳ್ಳಿಯ ಅಥವಾ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಯಂತ್ರದ ಮುಂದೆ ಕೂರುವ ಹೆಂಗಸಿನ ಮನೆ. ಮನೆಯೆಂದರೆ ಒಂದು ಶೀಟಿನ ಕೊಠಡಿ. ಈಕೆ ತನ್ನ ಕೂಸು ಹಾಲು ಬಿಟ್ಟೊಡನೆ ಊರಿನಲ್ಲಿ ತಾಯಿಯ ಬಳಿ ಬಿಟ್ಟುಬರುತ್ತಾಳೆ. ಯುಗಾದಿಗೆ, ದೀಪಾವಳಿಗೆ ಹೋದಾಗ ಅದು ಅಜ್ಜಿಯನ್ನೇ ಅವ್ವ ಎನ್ನುತ್ತಿರುತ್ತದೆ. ಸಾಫ್ಟ್‌ವೇರಿನ ಮನೆಯಲ್ಲಿ ಅಜ್ಜಿ ಮಗುವಿನ ಬಳಿಗೆ ಬರುತ್ತಾಳೆ, ಗಾರ್ಮೆಂಟ್ಸಿನ ಮನೆಯಲ್ಲಿ ಮಗು ಅಜ್ಜಿಯ ಬಳಿಗೆ ಹೋಗುತ್ತದೆ. ಎರಡು ಕಡೆಯಲ್ಲಿಯೂ ಈ ನಗರದ ದುಡಿಮೆ ನಿಂತಿರುವುದು, ಹೆಚ್ಚು ಹೆರುವ ರೂಢಿಯಿದ್ದ ಕಾಲದ ಕೊನೆಯ ತಲೆಮಾರಾದ ಆ ಅಜ್ಜಿಯ ಮೇಲೆ. ಮುಂದಿನ ತಲೆಮಾರಿನ ಅಜ್ಜಿಯರು ಇಂದು ಕಂಪನಿಯ ಮೇಜಿನ ಮುಂದೆ ಕುಳಿತಿರುವವರೇ. ಅವರೂ ಅರುವತ್ತರವರೆಗೆ ದುಡಿಯುವವರು.

ಇಲ್ಲೊಂದು ಸಣ್ಣ ವಿಷಯಾಂತರಕ್ಕೆ ಅಪ್ಪಣೆ ಬೇಡುತ್ತೇನೆ. ತರಗತಿಯಲ್ಲಿ ಪಾಠ ಹೇಳುವಾಗ ಓರಗಿತ್ತಿ, ಷಡ್ಡಕ, ನಾದಿನಿ, ಮೈದುನ ಎಂಬ ಮಾತುಗಳು ಬಂದರೆ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಅರ್ಥ ಕೇಳುತ್ತಾರೆ. ಅವರ ಅಜ್ಞಾನವೆಂದು ನಾನು ಭಾವಿಸುವುದಿಲ್ಲ. ಇಂಗ್ಲಿಷಿನವನು ಒಂದೆರಡು ಶಬ್ದಗಳಲ್ಲಿ ಮುಗಿಸಿದ ಸಂಬಂಧಗಳಿಗೆ ನಮ್ಮವರು ಇಪ್ಪತ್ತು ಶಬ್ದಗಳನ್ನು ಕಟ್ಟಿದರು, ಏಕೆಂದರೆ ಮನೆಯಲ್ಲಿ ಅಷ್ಟು ಮಂದಿ ಇದ್ದರು. ಒಂಟಿ ಮಗ ಒಂಟಿ ಮಗಳನ್ನು ಮದುವೆಯಾದರೆ ಅವರ ಮಗುವಿಗೆ ಚಿಕ್ಕಪ್ಪನಿಲ್ಲ, ಸೋದರಮಾವನಿಲ್ಲ. ತೊಟ್ಟಿಲ ಬಳಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಸೋದರತ್ತೆ ಬೇಕು; ಹಸೆಯ ಮಣೆಗೆ ಹುಡುಗಿಯನ್ನು ಕರೆತರುವುದಕ್ಕೆ ಸೋದರಮಾವ ಬೇಕು. ಸಂತಾನ ಪ್ರಮಾಣ 1.7 ಎಂಬುದು ಸರ್ಕಾರದ ವರದಿಯಲ್ಲಿ ಒಂದು ಅಂಕಿ. ನಿಘಂಟಿನಲ್ಲಿ ಅದು ಪುಟಗಳ ನಷ್ಟ.

ಈಗ ಭಯದ ದಿಕ್ಕು ಬದಲಾಗಿದೆ. ಜನ ಹೆಚ್ಚಿತೆಂದು ಹೆದರಿಸುತ್ತಿದ್ದವರ ಸ್ಥಾನದಲ್ಲಿ ಜನ ಕಡಿಮೆಯಾಗುವುದೆಂದು ಹೆದರಿಸುವವರು ಬಂದಿದ್ದಾರೆ. ಅವರ ಭಯ ನಿರಾಧಾರವೆಂದು ಹೇಳಲಾರೆ. 2011ರ ಖಾನೇಷುಮಾರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಹಿಂದಿನ ಹತ್ತು ವರ್ಷಗಳಿಗಿಂತ ಇಳಿದಿದ್ದಿತು: 11,40,905 ಇದ್ದದ್ದು 11,37,961 ಆಯಿತು. ಕೊಡಗಿನ ಏರಿಕೆ ನೂರಕ್ಕೆ ಒಂದರಷ್ಟು ಮಾತ್ರ. ಅದೇ ಅವಧಿಯಲ್ಲಿ ಯಾದಗಿರಿಯದು ನೂರಕ್ಕೆ 22ಕ್ಕೂ ಮೇಲೆ. ಮಲೆನಾಡಿನ ಆ ಇಳಿತದಲ್ಲಿ ಹುಟ್ಟು ಕಡಿಮೆಯಾದದ್ದು ಒಂದು ಪಾಲು, ಹುಟ್ಟಿದವರು ಬೆಂಗಳೂರಿಗೆ ಹೊರಟುಹೋದದ್ದು ಇನ್ನೊಂದು ಪಾಲು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮುದುಕರು ಕಾಣುವುದಿಲ್ಲವೆಂದು ಮೊದಲು ಹೇಳಿದೆನಷ್ಟೆ. ಅವರು ಕೊಪ್ಪದಲ್ಲಿಯೂ ಶೃಂಗೇರಿಯಲ್ಲಿಯೂ ದೂರವಾಣಿಯ ಬಳಿ ಕುಳಿತಿದ್ದಾರೆ.

ರಾಜಕೀಯದ ಭಯವೂ ಇದೆ. ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನು 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ 1971ರ ಖಾನೇಷುಮಾರಿಗೆ ಕಟ್ಟಿಹಾಕಿದರು. ಜನನವನ್ನು ತಗ್ಗಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂಬುದೇ ಉದ್ದೇಶ. ಆಮೇಲೆ ಆ ಗಂಟನ್ನು 2026ರ ನಂತರದ ಮೊದಲ ಖಾನೇಷುಮಾರಿಯವರೆಗೆ ಮುಂದುವರಿಸಿದರು. ಬಿಹಾರದ ಸಂತಾನ ಪ್ರಮಾಣ 3, ನಮ್ಮದು 1.7 ಎಂದಾಗ ಕರ್ನಾಟಕದ 28 ಸ್ಥಾನಗಳ ಚಿಂತೆ ಸಹಜವೇ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಹೆರಬೇಕೆಂದು ಜನರಿಗೆ ಕರೆಕೊಟ್ಟರು. ಹಂಚಿಕೆಯ ಅನ್ಯಾಯವನ್ನು ಸಂಸತ್ತಿನಲ್ಲಿ ವಾದಿಸಿ ತಿದ್ದಬೇಕು, ಹೆರಿಗೆಯ ಕೋಣೆಯಲ್ಲಿ ತಿದ್ದಲಾಗದು. ಲೋಕಸಭೆಯ ಸ್ಥಾನಕ್ಕಾಗಿ ಯಾವ ತಾಯಿಯೂ ಹೆತ್ತದ್ದನ್ನು ನಾನು ಕೇಳಿಲ್ಲ.

ಕರೆಯೂ ಕಟ್ಟಳೆಯೂ ಈ ವಿಷಯದಲ್ಲಿ ಎಷ್ಟು ದುರ್ಬಲವೆಂಬುದಕ್ಕೆ ಹೊರದೇಶಗಳು ಸಾಕ್ಷಿ. ರುಮೇನಿಯದಲ್ಲಿ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದರು. ಮರುವರ್ಷ ಹುಟ್ಟುಗಳು ಹೆಚ್ಚುಕಡಿಮೆ ಇಮ್ಮಡಿಸಿದವು. ಕೆಲವೇ ವರ್ಷಗಳಲ್ಲಿ ಮತ್ತೆ ಇಳಿದವು. ಕದ್ದು ಮಾಡಿಸಿಕೊಂಡ ಗರ್ಭಪಾತಗಳಿಂದ ಸತ್ತ ತಾಯಂದಿರು ಮಾತ್ರ ಹೆಚ್ಚಿದರು. ಚೀನದಲ್ಲಿ ಒಂದೇ ಮಗುವೆಂಬ ಕಟ್ಟಳೆಯನ್ನು ಸುಮಾರು ಮೂವತ್ತೈದು ವರ್ಷ ನಡೆಸಿ, 2016ರಿಂದ ಎರಡಕ್ಕೆ, 2021ರಲ್ಲಿ ಮೂರಕ್ಕೆ ಅಪ್ಪಣೆಯಿತ್ತರು. ಅಪ್ಪಣೆ ಸಿಕ್ಕಿದರೂ ಕೂಸುಗಳು ಬರಲಿಲ್ಲ. 2022ರಿಂದ ಅಲ್ಲಿನ ಜನಸಂಖ್ಯೆಯೇ ಇಳಿಯತೊಡಗಿತು. ದಕ್ಷಿಣ ಕೊರಿಯದ ಸಂತಾನ ಪ್ರಮಾಣ 2023ರಲ್ಲಿ 0.72. ಅಲ್ಲಿ ಹಣದ ಕೊರತೆಯಿಲ್ಲ, ಸರ್ಕಾರದ ಬಹುಮಾನಗಳ ಕೊರತೆಯೂ ಇಲ್ಲ. ಕಚೇರಿಯ ವೇಳೆಗೆ ಮಿತಿಯಿಲ್ಲ. ಮಗುವಿನ ಪಾಠದ ಖರ್ಚಿಗೆ ಕೊನೆಯಿಲ್ಲ. ಮನೆಗೆಲಸಕ್ಕೆ ಗಂಡಸಿನ ಕೈಯಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ವರ್ಣನೆಯನ್ನೇ ಓದಿದಂತಾಗುವುದಿಲ್ಲವೆ? ಸ್ವೀಡನ್ನಿನಲ್ಲಿ ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ದಂಪತಿಗಳು 1934ರಲ್ಲಿ ಇದೇ ಇಳಿತದ ಮೇಲೆ ಪುಸ್ತಕ ಬರೆದಾಗ, ಹೆರಿರೆಂದು ಉಪದೇಶಿಸಲಿಲ್ಲ. ಮಗುವನ್ನು ಸಾಕುವ ಖರ್ಚಿನಲ್ಲಿ ಸಮಾಜ ಪಾಲು ತೆಗೆದುಕೊಳ್ಳಬೇಕು, ದುಡಿಯುವ ಹೆಂಗಸು ತಾಯಿಯಾಗುವುದಕ್ಕೆ ದಾರಿ ಮಾಡಬೇಕು ಎಂದರು. ಆ ದಾರಿಯಲ್ಲಿ ನಡೆದ ದೇಶಗಳಲ್ಲಿಯೂ ಈಚೆಗೆ ಪ್ರಮಾಣ ತಗ್ಗಿದೆಯೆಂಬುದು ನಿಜ. ಆದರೆ ಕೊರಿಯದ ಆಳಕ್ಕೆ ಅವು ಬಿದ್ದಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ನಿರ್ದಿಷ್ಟ ಸಂಖ್ಯೆಗೆ ಮೀರಿ ಹೆಂಗಸರು ದುಡಿಯುವ ಕಡೆ ಮಕ್ಕಳಿಗಾಗಿ ಕೊಠಡಿಯಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತು. 2017ರಲ್ಲಿ ಹೆರಿಗೆಯ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿ, ಐವತ್ತು ಮಂದಿ ದುಡಿಯುವ ಸಂಸ್ಥೆಗಳಲ್ಲೆಲ್ಲ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿದರು. ಮೂರನೆಯ ಮಗುವಿಗೆ ಮಾತ್ರ ಹನ್ನೆರಡೇ ವಾರ. ಹಳೆಯ ಘೋಷಣೆ ಕಾನೂನಿನ ಮೂಲೆಯಲ್ಲಿ ಅಡಗಿ ಕುಳಿತಿದೆ. ರಜೆಯ ಸಂಬಳದ ಪೂರ್ಣ ಹೊಣೆಯನ್ನು ಮಾಲೀಕನ ತಲೆಗೆ ಕಟ್ಟಿದುದರಿಂದ, ಹೊಸದಾಗಿ ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವನು ಎರಡು ಸಲ ಯೋಚಿಸುತ್ತಾನೆ. ತಂದೆಯ ಗತಿಯೇನು? ಕೇಂದ್ರ ಸರ್ಕಾರದ ನೌಕರನಿಗೆ ಹದಿನೈದು ದಿನಗಳ ರಜೆಯುಂಟು. ಖಾಸಗಿ ಕಂಪನಿಯವನಿಗೆ ಕಾನೂನಿನ ಮೇರೆಗೆ ಏನೂ ಇಲ್ಲ, ಕಂಪನಿ ದಯಪಾಲಿಸಿದಷ್ಟು. ದೇಶದ ಜನರ ದಿನಚರಿಯನ್ನು ಅಳೆದ 2024ರ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆಂದೂ, ಅದೇ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷವೆಂದೂ ಕಂಡುಬಂದಿತು. ಮನೆಗೆಲಸಕ್ಕೆ ಕೈಯನ್ನೇ ಹಚ್ಚದ ಗಂಡಸರು ಈ 88ರ ಲೆಕ್ಕದಲ್ಲಿ ಸೇರಿಲ್ಲ.

2023ರಲ್ಲಿ ರಾಜ್ಯ ಸರ್ಕಾರವು ಹಳ್ಳಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಯೋಜನೆಯನ್ನು ಸಾರಿತು. ಹೆಸರೂ ಚೆನ್ನಾಗಿದೆ, ಕಾರ್ಯವೂ ಚೆನ್ನಾಗಿದೆ. ಆ ಹಳ್ಳಿಗಳಿಂದ ಹೊರಟು ಬಂದ ತಾಯಿಗೆ ಹೆಬ್ಬಗೋಡಿಯಲ್ಲಿ ಅದು ಏಕಿರಬಾರದು? ಇಪ್ಪತ್ತು ಮೂವತ್ತು ಮಂದಿಯ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ಇದನ್ನು ನಡೆಸಲಾರವು; ಕಾನೂನೂ ಅವನ್ನು ಕೇಳುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಸ್ತಿಯ ತೆರಿಗೆಯನ್ನು ವಸೂಲು ಮಾಡುವ ಕೈಗಾರಿಕಾ ನಗರ ಪ್ರಾಧಿಕಾರವೊಂದು 2013ರಿಂದ ಇದೆ. ರಸ್ತೆಯನ್ನೂ ದೀಪವನ್ನೂ ಅದು ನೋಡಿಕೊಳ್ಳುತ್ತಿದೆ. ರಸ್ತೆಗೆ ಹೇಗೋ ಹಾಗೆಯೇ ಎಲ್ಲ ಕಾರ್ಖಾನೆಗಳಿಂದಲೂ ಕಂಪನಿಗಳಿಂದಲೂ ಒಂದು ಪಾಲನ್ನೆತ್ತಿ, ಬಸ್ಸು ಇಳಿಯುವ ಕಡೆ, ಮೆಟ್ರೋ ನಿಲ್ದಾಣದ ಮಗ್ಗುಲಲ್ಲಿ, ಸಾಫ್ಟ್‌ವೇರಿನವಳ ಕೂಸೂ ಹೊಲಿಗೆಯವಳ ಕೂಸೂ ಒಟ್ಟಿಗೆ ಆಡುವಂಥ ಮನೆಗಳನ್ನು ನಡೆಸಬಹುದು. ಅದರ ಬಾಗಿಲು ಬೆಳಗಿನ ಪಾಳಿಗೆ ಅರ್ಧ ಗಂಟೆ ಮೊದಲು ತೆರೆಯಬೇಕು, ಸಂಜೆಯ ಪಾಳಿ ಮುಗಿದು ಕೊನೆಯ ತಾಯಿಯೋ ತಂದೆಯೋ ಬಂದು ಕರೆದೊಯ್ಯುವವರೆಗೂ ಮುಚ್ಚಬಾರದು.